ಬಟ್ಟೆಯ ಮೇಲಿನ ಕಲ್ಲು

ಉಪ್ಪು ಬಳಿಯುವ ನೆಪ ಇಲ್ಲದಿದ್ದರೆ ಸ್ತಮಾತಾಳಿಗೆ ಆ ಕೊಲ್ಲಿಯ ದಾರಿಯೇ ತಿಳಿಯುತ್ತಿರಲಿಲ್ಲ. ಗ್ರೀಸಿನ ಬೇರೆ ಕಡೆ ಹೇಗೋ, ಮಾನಿ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಬಂಡೆಯ ಕುಳಿಗಳಲ್ಲಿ ನಿಂತ ಸಮುದ್ರದ ನೀರು ಒಣಗಿ ಉಪ್ಪಾಗುತ್ತದೆ, ಹೆಂಗಸರು ಹೋಗಿ ಅದನ್ನು ಬಳಿದು ತರುತ್ತಾರೆ. ಒಂದೊಂದು ಮನೆಗೂ ಅದರದೇ ಬಂಡೆ. ಅವಳ ಅತ್ತೆಯ ಮನೆಯ ಪಾಲಿಗೆ ಬಂದದ್ದು ಯಾರಿಗೂ ಬೇಡವಾದ ಬಂಡೆ. ಊರಿಂದ ಒಂದು ಗಂಟೆಯ ನಡಿಗೆ, ಮುಳ್ಳುಪೊದೆಯ ನಡುವೆ ಕಡಿದಾದ ಇಳಿಜಾರು, ಕತ್ತೆ ಕೂಡ ಇಳಿಯಲೊಪ್ಪದ ಜಾಗ. ಬೇರೆ ಸೊಸೆಯಾಗಿದ್ದರೆ ಹಣೆಬರಹ ಹಳಿಯುತ್ತಿದ್ದಳು. ಸ್ತಮಾತಾ ಮಾತ್ರ ಆ ಬಂಡೆ ಹಂಚಿಕೊಟ್ಟ ಪುಣ್ಯಾತ್ಮರನ್ನು ಮನಸ್ಸಿನಲ್ಲೇ ಹರಸುತ್ತಿದ್ದಳು.

ಯಾಕೆಂದರೆ ಅವಳು ಅಲ್ಲಿ ಈಜುತ್ತಿದ್ದಳು.

ಗಂಡ ಜ್ವರದಲ್ಲಿ ಹೋಗಿ ಎರಡು ವರ್ಷ. ಅವಳಿಗೆ ಮೂವತ್ತೊಂದು. ಅಂದಿನಿಂದ ತಲೆಯಿಂದ ಹಿಮ್ಮಡಿಯವರೆಗೆ ಕಪ್ಪು ಬಟ್ಟೆ. ಮದುವೆಮನೆ ಇಲ್ಲ, ಹಬ್ಬದೂಟ ಇಲ್ಲ, ಸಮುದ್ರವಂತೂ ಕೇಳಲೇಬೇಡಿ. ವಿಧವೆ ನೀರಿಗಿಳಿದರೆ ಊರಿಗೆ ಗೊತ್ತಿರುವುದು ಎರಡೇ ಅರ್ಥ: ಸಾಯಲು ಹೋದಳು, ಇಲ್ಲವೇ ಗಂಡು ಹುಡುಕಲು ಹೋದಳು. ಸೆಕೆಯೆಂದು ಹೋಗಿರಬಹುದು ಅನ್ನುವುದು ಆ ತಲೆಗಳಿಗೆ ಹೊಳೆಯುವುದಿಲ್ಲ. ಸಿಕ್ಕಿಬಿದ್ದರೆ ಅವಳನ್ನು ತವರಿಗೆ ಅಟ್ಟುತ್ತಾರೆ. ಆರು ವರ್ಷದ ಮಗಳು ಗರುಫಲ್ಯಾ ಅಪ್ಪನ ಮನೆಯ ಸೊತ್ತು, ಅಲ್ಲೇ ಉಳಿಯುತ್ತಾಳೆ. ಇಷ್ಟು ಗೊತ್ತಿದ್ದೂ ಸ್ತಮಾತಾ ವಾರಕ್ಕೊಮ್ಮೆ ಇಳಿಯುತ್ತಿದ್ದಳು. ನೀರಿನಲ್ಲಿ ಅವಳು ಯಾರ ಸೊಸೆಯೂ ಅಲ್ಲ, ಯಾರ ವಿಧವೆಯೂ ಅಲ್ಲ. ಆ ಅರ್ಧ ಗಂಟೆಯ ಆಸೆಯಿಂದಲೇ ಉಳಿದ ವಾರವನ್ನು ದೂಡುತ್ತಿದ್ದಳು.

ಅಂದೂ ಅರ್ಧ ಚೀಲ ಉಪ್ಪು ತುಂಬಿ, ಕಪ್ಪನ್ನೆಲ್ಲ ಕಳಚಿದಳು. ಒದ್ದೆಯಾದ ಒಳಂಗಿ ಮನೆಯಲ್ಲಿ ಗುಟ್ಟು ಬಿಟ್ಟುಕೊಟ್ಟೀತೆಂದು ಅದನ್ನೂ ಬಿಚ್ಚಿ, ಎಲ್ಲವನ್ನೂ ಮಡಚಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಟ್ಟು ನೀರಿಗಿಳಿದಳು. ದೋಣಿಯ ಹುಟ್ಟಿನ ಸದ್ದು ಕೇಳಿದಾಗ ದಡ ದೂರವಿತ್ತು, ಬಂಡೆಯ ಗವಿ ಹತ್ತಿರವಿತ್ತು. ಗವಿಗೆ ನುಗ್ಗಿ ಎದೆಮಟ್ಟದ ನೀರಿನಲ್ಲಿ ನಿಂತಳು.

ಬಂದವನು ಮೈದುನ ಪನಾಗೊಸ್, ಜೊತೆಗೆ ಅವನ ದೋಣಿಯ ಪಾಲುದಾರ ದಿಕೇಯೊಸ್. ಎಂದೂ ಆ ಕಡೆ ಬಾರದವರು ಅಂದು ಹರಿದ ಬಲೆ ಹೊಲಿಯಲು ನೆರಳು ಹುಡುಕಿಕೊಂಡು ಬಂದಿದ್ದರು. ಬಟ್ಟೆ ಕಂಡದ್ದೇ ಇಬ್ಬರೂ ಟೋಪಿ ತೆಗೆದರು. ಊರಿನ ಎರಡು ಅರ್ಥಗಳಲ್ಲಿ ಮಾನದ್ದನ್ನೇ ಆರಿಸಿಕೊಂಡರು. ಗಂಡನ ದುಃಖ ತಾಳಲಾರದೆ ಪಾಪ, ಪ್ರಾಣ ಬಿಟ್ಟಳು.

ನೀರಲ್ಲಿ ಹೋದವರ ಬಟ್ಟೆಯನ್ನು ಮನೆಯ ಹೆಂಗಸು ಬಂದು ಹಾಡಿಕೊಂಡು ಅಳುವ ತನಕ ಗಂಡಸರು ಮುಟ್ಟುವಂತಿಲ್ಲ. ದಿಕೇಯೊಸ್ ಅವಳ ಅತ್ತೆಯನ್ನು ಕರೆತರಲು ಗುಡ್ಡ ಹತ್ತಿದ. ಪನಾಗೊಸ್ ಬಟ್ಟೆಯ ಪಕ್ಕ ಕುಕ್ಕರಿಸಿ ಅಳತೊಡಗಿದ. ಹೋದ ವಾರ ಬಾವಿಕಟ್ಟೆಯಲ್ಲಿ ನಕ್ಕಳೆಂದು ಅವಳನ್ನು ಬಾಯಿಗೆ ಬಂದಂತೆ ಬೈದಿದ್ದವನು ಅವನೇ. ಈಗ ಅವಳಂಥ ಅತ್ತಿಗೆ ಇಲ್ಲ, ಅವಳ ಕೈ ರುಚಿ ಇನ್ನೆಲ್ಲೂ ಇಲ್ಲ. ಬದುಕಿದ್ದಾಗ ಆಡದ ಒಳ್ಳೆಯ ಮಾತನ್ನೆಲ್ಲ ಬಟ್ಟೆಯ ಮುಂದೆ ಆಡಿದ. ಗವಿಯೊಳಗೆ ಸ್ತಮಾತಾಳಿಗೆ ನಗು ಬಂದು, ಕೈ ಕಚ್ಚಿಕೊಂಡಳು.

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ದಿಕೇಯೊಸ್ ಊರು ಮುಟ್ಟಿದೊಡನೆ ಇಗರ್ಜಿಯಲ್ಲಿ ಸಾವಿನ ಗಂಟೆ ಬಾರಿಸುತ್ತಾರೆ. ಯಾರಿಗೆ ಅಂತ ಗರುಫಲ್ಯಾ ಕೇಳುತ್ತಾಳೆ. ಯಾರಾದರೂ ಹೇಳಿಯೂ ಬಿಡುತ್ತಾರೆ. ಹೊರಗೆ ಬಂದರೆ ಮಗಳು ಕೈತಪ್ಪುತ್ತಾಳೆ, ಬಾರದಿದ್ದರೆ ಅಮ್ಮ ಸತ್ತಳೆಂದು ಆ ಮಗು ಗೋಳಿಡುತ್ತದೆ. ಅತ್ತ ದರಿ, ಇತ್ತ ಪುಲಿ. ಎರಡು ಸಲ ಗವಿಯ ಬಾಯಿವರೆಗೆ ಬಂದಳು, ಎರಡು ಸಲವೂ ಹಿಂದೆ ಸರಿದಳು. ಮೈ ಮರಗಟ್ಟಿತ್ತು. ನೆರಳು ಬಂಡೆಯ ಬುಡಕ್ಕೆ ಬರುವ ಹೊತ್ತಿಗೆ ಅವಳು ನಿಶ್ಚಯ ಮಾಡಿದ್ದಳು. ಮಗಳನ್ನು ತನ್ನಿಂದ ಕಿತ್ತುಕೊಳ್ಳಲಿ, ಆದರೆ ಆ ಮಗುವಿಗೆ ತಾಯಿ ಬದುಕಿದ್ದಾಳೆಂದು ಗೊತ್ತಿರಲಿ. ಮೂರನೆಯ ಸಲ ಹೆಜ್ಜೆ ಎತ್ತಿದಾಗ ಮೇಲಿನಿಂದ ಹಾಡು ಕೇಳಿತು.

ಅತ್ತೆ ಲಿಗೊರು ದಿಕೇಯೊಸ್‌ನ ಹಿಂದೆ ಹಾಡಿಕೊಂಡು ಅಳುತ್ತಲೇ ಇಳಿಯುತ್ತಿದ್ದಳು. ಸಾವಿನ ಹಾಡಿಗೆ ಆ ಸೀಮೆಯಲ್ಲೇ ಅವಳನ್ನು ಬಿಟ್ಟರಿಲ್ಲ, ಸಾಯುವ ಮೊದಲೇ ಅವಳನ್ನು ಗೊತ್ತು ಮಾಡಿಕೊಳ್ಳುವವರಿದ್ದರು. ಅವಳೂ ವಿಧವೆಯಾಗಿ ಮೂವತ್ತೆರಡು ವರ್ಷ. ಸತ್ತ ಗಂಡ ಕೈಯಲ್ಲಿ ಎಣಿಸುತ್ತಿದ್ದ ಮಣಿಸರ ಅಲೆಗೆ ಸಿಕ್ಕಾಗ ಪ್ರಾಣದ ಹಂಗು ತೊರೆದು ಹಾರಿ ತಂದ ಪತಿವ್ರತೆಯೆಂದು ಊರು ಇಂದಿಗೂ ಅವಳನ್ನು ಹೊಗಳುತ್ತದೆ. ಆ ಸರವನ್ನು ಅವಳು ಸೊಂಟದಿಂದ ಇಳಿಸಿದ್ದೇ ಇಲ್ಲ.

ಬಟ್ಟೆಯ ಹತ್ತಿರ ಬಂದವಳು ಹಾಡಿನ ಸಾಲಿನ ನಡುವೆಯೇ ನಿಂತುಬಿಟ್ಟಳು. ಈ ಕಲ್ಲು ಇಟ್ಟವರು ಯಾರೆಂದು ಮಗನನ್ನು ಕೇಳಿದಳು. ತಾವು ಏನನ್ನೂ ಮುಟ್ಟಿಲ್ಲವೆಂದ ಪನಾಗೊಸ್. ಹೆಣ ಆ ಮೂಲೆಯಾಚೆ ತೇಲಿರುತ್ತದೆ, ಹೋಗಿ ಹುಡುಕಿ ಎಂದು ಇಬ್ಬರನ್ನೂ ದೋಣಿ ಹತ್ತಿಸಿ ಕಳಿಸಿದಳು. ಆಮೇಲೆ ಹಾಡು ಮತ್ತೆ ಎದ್ದಿತು. ಅದೇ ರಾಗ, ಅದೇ ಬಿಕ್ಕು, ಮಾತು ಮಾತ್ರ ಬೇರೆ.

"ಸಾಯೋಕೆ ಹೋಗೋಳು ಬಟ್ಟೆ ಹಾರೀತು ಅಂತ ಕಲ್ಲಿಡ್ತಾಳೇನೇ, ಸೊಸೆಯೇ... ಗವಿಯಿಂದ ಹೊರಗೆ ಬಾರೇ, ಮಾನಗೆಟ್ಟವಳೇ..."

ದೂರದ ದೋಣಿಯಲ್ಲಿ ಇಬ್ಬರು ಗಂಡಸರು ಶಿಲುಬೆಯ ಗುರುತು ಮಾಡಿಕೊಂಡರು.

ಸ್ತಮಾತಾ ನಡುಗುತ್ತ ಬಂದು ಬಂಡೆ ಹತ್ತಿದಳು. ಮುದುಕಿ ಒಳಂಗಿಯನ್ನು ನೀರಿನಲ್ಲಿ ಅದ್ದಿ ಅವಳ ಕೈಗೆ ಕೊಟ್ಟಳು.

"ಅತ್ತೆ, ಊರಲ್ಲಿ ಗಂಟೆ..."

"ಹೆಣ ನೋಡ್ದೆ ಗಂಟೆ ಹೊಡ್ಸೋಳಲ್ಲ ನಾನು. ಯಾರಿಗೂ ಗೊತ್ತಿಲ್ಲ. ಮಗು ಪಕ್ಕದ ಮನೇಲಿ ಅಂಜೂರ ತಿಂತಾ ಕೂತಿದೆ."

ಸ್ತಮಾತಾ ಕುಸಿದು ಕೂತು ಅತ್ತಳು.

"ಅಳೋದು ಆಮೇಲಿರ್ಲಿ. ನಿನ್ನ ಮದುವೆ ಉಂಗುರ ನೀರಿಗೆ ಬಿತ್ತು. ಗಂಡನ ಗುರುತು ಹೋಯ್ತಲ್ಲ ಅಂತ ಒಳಂಗೀಲೇ ಹಾರ್ದೆ. ಗವೀಲಿ ಎಚ್ಚರ ತಪ್ತು. ತಿಳೀತಾ?"

"ಉಂಗುರ ಬೆರಳಲ್ಲೇ ಇದೆಯಲ್ಲ ಅತ್ತೆ."

"ಹಾಗಾದ್ರೆ ಸಿಕ್ತು. ಇನ್ನೂ ಒಳ್ಳೇದೇ ಆಯ್ತು."

ಆ ಮಾತಿನ ಭಾರ ಸ್ತಮಾತಾಳಿಗೆ ತಟ್ಟಲು ಸ್ವಲ್ಪ ಹೊತ್ತು ಹಿಡಿಯಿತು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಭಾನುವಾರ ಪಾದ್ರಿ ಕೂಡ ಹೊಗಳುತ್ತಾನೆ. ಇನ್ನು ಮೂರು ವರ್ಷಕ್ಕೆ ಕಪ್ಪು ಬಿಟ್ಟು ಕಂದು ಉಡಬಹುದಿತ್ತು, ಯಾರಾದರೂ ಮದುವೆಗೆ ಕೇಳಲೂಬಹುದಿತ್ತು. ಗಂಡನ ಉಂಗುರಕ್ಕಾಗಿ ಸಮುದ್ರಕ್ಕೆ ಹಾರಿದವಳನ್ನು ಯಾರು ಕೇಳುತ್ತಾರೆ?

"ಈ ಕಥೆ ಹೇಳಿದ್ರೆ ನಾನು ಕಪ್ಪು ಬಿಚ್ಚೋದು ಯಾವಾಗ ಅತ್ತೆ?"

"ಬಿಚ್ಚೋ ಹಾಗೇ ಇಲ್ಲ. ಉಪ್ಪು ತಿಂದವರು ನೀರು ಕುಡೀಲೇಬೇಕು ಕಣೇ. ಮಗಳು ಬೇಕೋ, ಬೇರೆ ಬಣ್ಣ ಬೇಕೋ?"

"ಮಗಳು."

"ಹ್ಞೂಂ. ನಾನೂ ನಮ್ಮತ್ತೆಗೆ ಮಕ್ಕಳು ಅಂದಿದ್ದೆ."

ಸ್ತಮಾತಾ ತಲೆಯೆತ್ತಿದಳು. ಕಪ್ಪಂಗಿಯ ಗುಂಡಿಗಳನ್ನು ಒಂದೊಂದಾಗಿ ಅವಳ ಕೊರಳವರೆಗೂ ಹಾಕುತ್ತಿದ್ದ ಮುದುಕಿಯ ಸೊಂಟದಲ್ಲಿ ಮಣಿಸರ ತೂಗುತ್ತಿತ್ತು.

"ಅದು ನೀರಿಗೆ ಬಿದ್ದೇ ಇರ್ಲಿಲ್ವಾ?"

"ಬಾಯಿ ಮುಚ್ಚು. ದೋಣಿ ಬಂತು."

ಲಿಗೊರು ಎರಡೂ ಕೈ ಮೇಲೆತ್ತಿ, ನನ್ನ ಸೊಸೆ ಬದುಕಿದಳು, ಗಂಡನ ಉಂಗುರ ತಂದಳು ಎಂದು ಸಮುದ್ರಕ್ಕೆಲ್ಲ ಕೇಳುವಂತೆ ಕೂಗಿದಳು. ಪನಾಗೊಸ್ ದೋಣಿಯಿಂದಲೇ ನೀರಿಗೆ ಧುಮುಕಿ ಓಡಿಬಂದು ಮಂಡಿಯೂರಿದ. ಸ್ತಮಾತಾ ಉಂಗುರದ ಕೈಯನ್ನು ಅವನಿಗೆ ಕಾಣುವಂತೆ ಮುಂದೆ ಚಾಚಿದಳು.