ನಗುವವಳ ಕಣ್ಣು

ಲಿಂಗಸುಗೂರಿನ ಉಸ್ತಾದ್ ಇಸ್ಮಾಯಿಲ್‌ಸಾಬರ ಬಡಗಿ ಅಂಗಡಿಯಲ್ಲಿ ದುರುಗೇಶನ ಕೆಲಸ ಅಂದರೆ ಕಣ್ಣು. ಬಾಗಿಲ ಮೇಲಿನ ಲಕ್ಷ್ಮಿ ಇರಲಿ, ಪಲ್ಲಕ್ಕಿಯ ಸಿಂಹ ಇರಲಿ, ಉಸ್ತಾದರು ಮೈಯೆಲ್ಲ ಕೆತ್ತಿ ಕಣ್ಣಿಗೆ ಬಂದ ಕೂಡಲೇ ಉಳಿ ಕೆಳಗಿಡೋರು. "ಜೀವ ಕೊಡೋದು ನನ್ನ ಕೆಲಸ ಅಲ್ಲ. ಬಾರೋ ದುರುಗ್ಯಾ" ಅನ್ನೋರು. ಏಳನೇ ಇಯತ್ತೆಗೆ ಸಾಲಿ ಬಿಟ್ಟು ದಿನಾ ಮಸ್ಕಿಯಿಂದ ಬಸ್ಸಿಗೆ ಬರುವವನಿಗೆ ಆ ಮಾತು ಪಗಾರಕ್ಕಿಂತ ದೊಡ್ಡದು.

ಆಮೇಲೆ ಮುದಗಲ್‌ನಿಂದ ಆಸೀಫ್ ಬಂದ. ಎರಡೇ ವರ್ಷದಲ್ಲಿ ಅವನ ಉಳಿ ಬೆಣ್ಣೆಯಲ್ಲಿ ಬೆರಳಾಡಿದಂಗೆ ಆಡತೊಡಗಿತು. ಸಿಟ್ಟು ಮಾಡೋನಲ್ಲ, ಜೋರು ಮಾತಿಲ್ಲ. ಗಿರಾಕಿಗಳೂ ಅವನನ್ನೇ ಕೇಳಿಕೊಂಡು ಬರೋರು. ಉಸ್ತಾದರು ಸಿಂಧನೂರಿನಲ್ಲಿ ಹೊಸ ಅಂಗಡಿ ತೆಗೆಯೋರಿದ್ದರು. ಅದು ಇಬ್ಬರಲ್ಲಿ ಯಾರ ಕೈಗೆ ಅನ್ನೋದೇ ದುರುಗೇಶನ ಹೊಟ್ಟೆಯೊಳಗಿನ ಕೆಂಡ.

ಬುಧವಾರ ಚಿನ್ನದ ಗಣಿಯ ಹಟ್ಟಿಯಿಂದ ಮಹೇಶ್ವರಿ ಅನ್ನೋ ಹೆಣ್ಮಗಳು ಬಂದು ಸಣ್ಣ ಡಬ್ಬಿ ಬಿಚ್ಚಿದಳು. ಹತ್ತಿಯೊಳಗೆ ನಾಲ್ಕು ಮರದ ಮುಖವಾಡ, ಒಂದೊಂದೂ ಹೆಬ್ಬೆರಳಷ್ಟು.

"ಜಪಾನಿನವು ರೀ, ನೂರು ವರ್ಷದ ಮ್ಯಾಲಿನವು. ನಮ್ಮ ಮಾವ ಮುಂಬೈಯಾಗ ಹಡಗಿನ ಕಂಪನ್ಯಾಗ ಇದ್ದಾಗ ತಂದದ್ದು. ಅಲ್ಲಿ ಗಂಡಸರು ನಡಕ್ಕ ಚೀಲ ಇಳಿಬಿಡೋ ದಾರಕ್ಕ ಇವನ್ನ ಕಟ್ತಿದ್ರಂತ. ಇವ ಸೊಟ್ಟ ಬಾಯಿಲೆ ಒಲಿ ಊದಾಂವ. ಇವ ಉದ್ದ ಮೂಗಿನ ಗುಡ್ಡದ ಭೂತ. ಇಕಿ ನಗಾಕಿ. ಇಕಿ ಹೊಟ್ಟಿಕಿಚ್ಚಿಲೆ ರಾಕ್ಷಸಿ ಆದಾಕಿ, ಒಂದು ಕೋಡು ಮುರದೈತಿ. ಅದನ್ನ ಕೂಡಿಸಿ ಕೊಡ್ರಿ."

ದುರುಗೇಶ ಕೈ ಚಾಚಿದ. ಉಸ್ತಾದರು ಡಬ್ಬಿಯನ್ನು ಆಸೀಫನ ಮುಂದೆ ಸರಿಸಿದರು. "ಇವನ ಕೈ ನಾಜೂಕು."

"ನನ್ನ ಕೈಯೇನು ಸಲಿಕಿ ಏನ್ರಿ?"

"ಸಲಿಕಿನೂ ಬೇಕಾಗ್ತದ ಬೇಟಾ," ಅಂತ ಉಸ್ತಾದರು ನಕ್ಕರು. ಆಸೀಫನೂ ನಕ್ಕ. ದುರುಗೇಶನಿಗೆ ಎರಡು ದಿನ ಅನ್ನ ಸೇರಲಿಲ್ಲ.

ಶುಕ್ರವಾರ ಉಸ್ತಾದರೂ ಆಸೀಫನೂ ಜುಮ್ಮಾ ನಮಾಜಿಗೆ ಹೋದಾಗ ದುರುಗೇಶ ಡಬ್ಬಿ ತೆಗೆದ. ಆಸೀಫ್ ಕೂಡಿಸಿದ ಗೆರೆ ಸಿಗುತ್ತೇನೋ ಅಂತ ರಾಕ್ಷಸಿಯ ಕೋಡಿನ ಮೇಲೆ ಉಗುರಾಡಿಸಿದ. ಸಿಗಲಿಲ್ಲ. ಮುರಿದಿದ್ದ ಕೋಡು ಯಾವುದು, ಮುರಿಯದ್ದು ಯಾವುದು, ಅದೂ ತಿಳಿಯಲಿಲ್ಲ. ಹಲ್ಲು ಕಡಿದ. ಆಗ ನಗುವವಳು ಕಣ್ಣಿಗೆ ಬಿದ್ದಳು. ಉಬ್ಬಿದ ಗಲ್ಲ, ಕಣ್ಣಿರಬೇಕಾದಲ್ಲಿ ಬರೀ ಎರಡು ಗೆರೆ. ಕಣ್ಣೇ ಕೊರೆದಿಲ್ಲ! ಕೆತ್ತಿದ ಪುಣ್ಯಾತ್ಮ ಅರ್ಧಕ್ಕೇ ಬಿಟ್ಟಿದ್ದಾನೆ. ಮೂರು ದಿನ ಎದುರಿಗಿಟ್ಟುಕೊಂಡು ಕೂತರೂ ಆ ನಾಜೂಕಿನವನಿಗೆ ಕಂಡಿಲ್ಲ.

'ಕೋಡು ಹಚ್ಚಿದಾಂವ ದೊಡ್ಡಾಂವೋ, ದೃಷ್ಟಿ ಕೊಟ್ಟಾಂವ ದೊಡ್ಡಾಂವೋ, ನೋಡೇಬಿಡೂಣು.'

ಸೂಜಿಯಂಥ ಉಳಿ ತಗೊಂಡ. ಉಸಿರು ಬಿಗಿಹಿಡಿದು ಎರಡು ದುಂಡನೆ ಕಣ್ಣು ಕೆತ್ತಿದ. ಜನ್ಮದಲ್ಲೇ ಅಂಥ ಕಣ್ಣು ತೆಗೆದಿರಲಿಲ್ಲ.

ಮೂರು ಗಂಟೆಗೆ ಮಹೇಶ್ವರಿ ಬಂದಳು. ಕೋಡು ನೋಡಿ ಹಿಗ್ಗಿದಳು. ಆಮೇಲೆ ಅವಳ ಮುಖ ಸಣ್ಣದಾಯಿತು.

"ಇದ್ಯಾರು ಮಾಡಿದ್ದು? ಇಕಿ ನಕ್ಕು ನಕ್ಕು ಕಣ್ಣು ಮುಚ್ಚಿದಾಕಿ ರೀ! ಈಗ ನೋಡ್ರಿ, ಪೊಲೀಸರನ್ನ ಕಂಡಂಗ ನೋಡಾಕತ್ತಾಳ. ನಮ್ಮ ಮಾವನಿಗೆ ಏನಂತ ತೋರಿಸ್ಲಿ?"

ದುರುಗೇಶ ಬಗ್ಗಿ ನೋಡಿದ. ಖರೇ ಇತ್ತು. ಗಲ್ಲ ನಗುತ್ತಿತ್ತು, ಕಣ್ಣು ಬೆದರಿತ್ತು.

"ಯಾರೋ?" ಅಂದರು ಉಸ್ತಾದರು.

ಆಸೀಫ್ ಒಮ್ಮೆ ದುರುಗೇಶನ ಕಡೆ ನೋಡಿದ. "ನನ್ನ ತಪ್ಪು ಉಸ್ತಾದ್. ಮಾಫ್ ಮಾಡ್ರಿ ಅಕ್ಕಾರ."

ಮಹೇಶ್ವರಿ ಕಣ್ಣೊರೆಸಿಕೊಂಡಳು. "ಹೋಗ್ಲಿ ಬಿಡಪ್ಪಾ. ಒಪ್ಪಿಕೊಳ್ಳಾಕೂ ಗುಂಡಿಗಿ ಬೇಕು." ಅಂಗಡಿಯಲ್ಲಿ ಕಣ್ಣು ಯಾರ ಕೆಲಸ ಅಂತ ಗೊತ್ತಿದ್ದೂ ಉಸ್ತಾದರು ಆಸೀಫನ ಹೆಗಲ ಮೇಲೆ ಕೈಯಿಟ್ಟರು.

ಬಾಯಿ ಮುಚ್ಚಿಕೊಂಡಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಹೆಗಲ ಮೇಲಿನ ಕೈ ದುರುಗೇಶನಿಂದ ನೋಡಲಾಗಲಿಲ್ಲ.

"ಅವ ಅಲ್ಲ!" ಅಂತ ಒದರಿದ. "ಇವನಪ್ಪ ಬಂದ್ರೂ ಇಂಥಾ ಕಣ್ಣು ತೆಗಿಯಾಕ ಆಗಂಗಿಲ್ಲ! ಗುಡ್ಡಿ ನೋಡ್ರಿ, ರೆಪ್ಪಿ ನೋಡ್ರಿ! ಕೆಡಿಸಿದಾಂವ ನಾನು. ಇದರ ಹೆಸರನ್ನೂ ಇವನಿಗೇ ಕೊಡಬ್ಯಾಡ್ರಿ!"

ಉಸ್ತಾದರು ಆಸೀಫನ ಕಡೆ ತಿರುಗಿದರು.

"ಆಸೀಫ್, ಸೋಮವಾರ ಸಿಂಧನೂರಿಗೆ ನೀ ಹೋಗು."

ದುರುಗೇಶ ಆಸೀಫನ ಮುಖವನ್ನೇ ದಿಟ್ಟಿಸಿದ. ಒಂದು ಎಳೆ ಖುಷಿ ಕಂಡರೂ ಸಾಕು, ಮೈಮೇಲೆ ಬೀಳೋಣ ಅಂತ ಕಾದ. ಆಸೀಫ್ ತಲೆ ತಗ್ಗಿಸಿ ಮುಖವಾಡಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತುತ್ತಿದ್ದ. ಖುಷಿ ಕಾಣಲಿಲ್ಲ. ಅದಕ್ಕೂ ದುರುಗೇಶನ ಮೈಯೆಲ್ಲ ಉರಿಯಿತು.