ಕೆಮ್ಮಿನ ಗಂಟು

ಇಲ್ಲಿ ಯಾರಪ್ಪಾ ಕೆಮ್ಮಿದ್ದು? — ವೇದಾವತಿ ಜೋರಾಗಿಯೇ ಕೇಳಿದಳು, ದುರ್ಗಿಗುಡಿಯ ಆ ಮಹಡಿಯಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ, ಸುತ್ತಿಟ್ಟ ರತ್ನಗಂಬಳಿಗಳು, ಪ್ಲಾಸ್ಟಿಕ್ ಹಾಳೆ, ಕೆಳಗೆ ಊಟಕ್ಕೆ ಇಳಿದ ಹೆಂಗಸರ ನಗು, ಮತ್ತು ಅವಳ ಬೆರಳ ತುದಿಗೆ ಸಿಕ್ಕ ಒಂದು ಕೆಂಪು ಗಂಟು, ಅಕ್ಕಿಕಾಳಿನಷ್ಟು, ಬಿಳಿಯ ಅಂಚಿನಲ್ಲಿ ಒಂದೇ ಒಂದು, ಅದನ್ನು ಹಾಕಿದವಳು ಅವಳೇ, ಏಳು ತಿಂಗಳು ಮಗ್ಗದ ಮುಂದೆ ಕೂತು, ಆದರೆ ಅವಳ ರಗ್ಗು ಅಗೋ ಅಲ್ಲಿ ಗೋಡೆಗೆ ಒರಗಿ ನಿಂತಿದೆ, ಬೆರಳಿರುವುದು ಬೆಳಿಗ್ಗೆ ಭದ್ರಾವತಿಯಿಂದ ಬಂದ ಮೂಟೆಯ ಮೇಲೆ. ಅದೇ ಗಂಟು ಇನ್ನೊಂದರ ಮೇಲೆ ಹೇಗೆ ಬಂತು? ನಕ್ಷೆಯ ಹಾಳೆಯ ಮೇಲಿನ ಚೌಕ ನೋಡಿ ಗಂಟು ಹಾಕಿದವಳಲ್ಲ ಅವಳು, ಅಪ್ಪನ ಗಮಕವನ್ನು ಗುನುಗಿಕೊಂಡು ಹಾಕಿದವಳು, ಮೂರು ಮಾತ್ರೆಗೆ ಮೂರು ನೀಲಿ, ನಾಲ್ಕಕ್ಕೆ ನಾಲ್ಕು ಬಿಳಿ, ಮೂರು ನಾಲ್ಕು ಮೂರು ನಾಲ್ಕು, ಷಟ್ಪದಿಯ ಮೂರನೆಯ ಸಾಲು ಉದ್ದ, ಅಲ್ಲಿ ಅಪ್ಪನಿಗೆ ಉಸಿರು ಸಾಲದೆ ಒಂದು ಕೆಮ್ಮು, ಪ್ರತಿ ಪದ್ಯಕ್ಕೂ, ದೇವಸ್ಥಾನದ ಜಗಲಿಯಲ್ಲಿ ಕೇಳುತ್ತ ಕೂತ ಹಿರಿಯರು ಆ ಕೆಮ್ಮು ಮುಗಿಯುವವರೆಗೆ ಕಾದು ಆಮೇಲೆ ತಲೆದೂಗುತ್ತಿದ್ದರು, ಅವಳಂತೂ ಅದು ಪದ್ಯದ್ದೇ ಭಾಗ ಎಂದುಕೊಂಡು ಐದನೇ ಕ್ಲಾಸಿನಲ್ಲಿ ಪದ್ಯ ಹೇಳಿ ಕೆಮ್ಮಿಯೂ ಬಿಟ್ಟಳು, ಏನೇ ವೇದಾ, ಕೆಮ್ಮಿಗೂ ಮಾತ್ರೆ ಎಣಿಸ್ಬೇಕೋ, ಇಲ್ಲಾ ನಿಂಗೆ ಕೆಮ್ಮಿನ ಮಾತ್ರೆ ಕೊಡಿಸ್ಬೇಕೋ ಎಂದು ಮೇಷ್ಟ್ರು, ಕ್ಲಾಸೆಲ್ಲ ಗೊಳ್ಳೆಂದು — ಅದಕ್ಕೇ ಮಗ್ಗದ ಮೇಲೆ ಪ್ರತಿ ಕೆಮ್ಮಿಗೂ ಒಂದು ಬೂದಿ ಬಣ್ಣದ ಗಂಟು ಹಾಕಿದ್ದಾಳೆ, ಕೊನೆಯ ಕೆಮ್ಮಿಗೆ ಮಾತ್ರ ಕೆಂಪು, ಯಾಕೆಂದು ಯಾರಿಗೂ ಹೇಳಿಲ್ಲ. ಕೈ ಮೂಟೆಯ ಎರಡನೆಯ ರಗ್ಗಿಗೆ ಹೋಗುತ್ತದೆ, ಕೆಂಪು ಗಂಟು, ಮೂರನೆಯದು, ಕೆಂಪು ಗಂಟು, ಅದೇ ಅಂಚು, ಅದೇ ಜಾಗ, ಮಗುಚಿದಳು, ಬೆನ್ನ ಮೇಲೆ ಗಂಟುಗಳೇ ಇಲ್ಲ, ಅಂಟು ಬಳಿದು ಮೆತ್ತಿದ ಬಟ್ಟೆ, ರಬ್ಬರಿನ ವಾಸನೆ, ಹೊಸ ಚಪ್ಪಲಿ ಅಂಗಡಿಗೆ ಕಾಲಿಟ್ಟ ಹಾಗೆ.

ರಾಮ ರಾಮ, ಸುಮ್ಮನೆ ಇನ್ನೊಬ್ಬರ ಮೇಲೆ ಸಂಶಯ ಪಡಬಾರದು ಎಂದು ಕಣ್ಣು ಮುಚ್ಚಿದರೆ ಮುಚ್ಚಿದ ಕಣ್ಣೊಳಗೆ ನಾಗೇಶ ಬಂದು ನಿಲ್ಲುತ್ತಾನೆ, ಭದ್ರಾವತಿಯ ಶೆಡ್ಡು ನೋಡಿಕೊಳ್ಳುವ ನಾಗೇಶ, ಅಕ್ಕ, ನಿಮ್ ರಗ್ ತೊಳ್ಸಿ ಒಣಗ್ಸಿ ನಾಲ್ಕೇ ದಿನಕ್ಕೆ ಕಳಿಸ್ತೀನಿ ಎಂದು ಎತ್ತಿಕೊಂಡು ಹೋಗಿದ್ದ, ನಾಲ್ಕು ದಿನ ಇಪ್ಪತ್ತಾಯಿತು, ಫೋನು ಮಾಡಿದರೆ ಬಿಸ್ಲೇ ಇಲ್ಲ ಕಣಕ್ಕ, ಏನ್ ಮಾಡ್ಲಿ, ಇಲ್ಲಿ ದುರ್ಗಿಗುಡಿಯಲ್ಲಾದರೋ ನೆತ್ತಿ ಸುಡುತ್ತಿತ್ತು, ಅರ್ಧ ಗಂಟೆಯ ದಾರಿ, ಆ ಊರಿಗೇನು ಬೇರೆ ಸೂರ್ಯನೇ? ಅವನ ಮಾತಿನ ಹಿಂದೆ ಟರ್ರ್ — ಟರ್ರ್ — ಎಂಥದದು ನಾಗೇಶ? ನೀರಿನ ಮೋಟ್ರು ಬಿಡಿ ಮಾರಾಯ್ತಿ, ಅದಕ್ಕೂ ಅನುಮಾನಾನಾ? ಆಗಲೇ ಅನ್ನಿಸಿತ್ತು, ಮೋಟರು ಒಂದೇ ಸಮ ಗುಂಯ್ ಎನ್ನುತ್ತದೆ, ಇದು ನಿಂತು ನಿಂತು ಚುಚ್ಚುವ ಸದ್ದು, ಗನ್ನು ಹಿಡಿದು ಬಟ್ಟೆಗೆ ಉಣ್ಣೆ ಹೊಡೆಯುವ ಸದ್ದು, ಕಿವಿಗೆ ಗೊತ್ತಾಗಿತ್ತು, ತನ್ನ ಕಿವಿಯನ್ನೇ ನಂಬದೆ ಸುಮ್ಮನಾದಳು, ಹುಟ್ಟಿದಾಗಿನಿಂದ ಕೇಳುವುದನ್ನು ಬಿಟ್ಟು ಬೇರೇನೂ ಕಲಿಯದವಳು. ಅಮೂಲ್ಯಳಿಗೆ ಇದು ಗೊತ್ತಿರಲಿಕ್ಕಿಲ್ಲ, ಪಾಪ, ಕಂಪನಿ ಅವಳದಾದರೂ ಇನ್ನೂ ಮೂವತ್ತು ತುಂಬದ ಹುಡುಗಿ — ಗೊತ್ತಿರಲಿಕ್ಕಿಲ್ಲವೇ? ಮೂರು ಸಲ ಮಗ್ಗದ ಹತ್ತಿರ ಫೋನು ಹಿಡಿದು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಫೋಟೋ ತೆಗೆದದ್ದು ಯಾರು, ಈ ರೆಡ್ ಯಾಕೆ ವೇದಕ್ಕ ಎಂದಿದ್ದಳು, ಸುಮ್ಮನೆ ಎಂದಿದ್ದಳು ಇವಳು, ದೆಹಲಿಯ ವ್ಯಾಪಾರ ಮೇಳಕ್ಕೆ ಅಚ್ಚಾದ ಪುಸ್ತಕದಲ್ಲಿ ನೋಡಿದರೆ ‘ಷಟ್ಪದಿ ಕಲೆಕ್ಷನ್: ಕೆಂಪು ಬಿಂದು ಮಲೆನಾಡಿನ ಸೂರ್ಯಾಸ್ತ’, ಸೂರ್ಯಾಸ್ತವಂತೆ, ಅಪ್ಪನ ಕೆಮ್ಮಿಗೆ. ಆ ಫೋಟೋದಿಂದ ನಕಲು ತೆಗೆದ ಕಂಪ್ಯೂಟರಿಗೆ ಯಾವುದು ಪದ್ಯ ಯಾವುದು ಕೆಮ್ಮು ಗೊತ್ತೇ, ಕಂಡದ್ದನ್ನೆಲ್ಲ ಬಾಚಿಕೊಂಡಿದೆ. ತಾನೂ ಅಪ್ಪನನ್ನು ಕೇಳಿ ತಂದವಳಲ್ಲ ನಿಜ, ಅದೂ ಒಂದು ಕಳ್ಳತನವೇ ಇರಬಹುದು, ಆದರೆ ಗಂಟು ಬಿಗಿಯುವಾಗ ಪ್ರತಿ ಸಲ ಅವಳ ಉಸಿರೂ ನಿಂತಿದೆ, ಅಪ್ಪನದು ನಿಂತಲ್ಲೇ — ಮೆಟ್ಟಿಲ ಮೇಲೆ ಎತ್ತರ ಹಿಮ್ಮಡಿಯ ಚಪ್ಪಲಿಯ ಸದ್ದು, ಅಮೂಲ್ಯ, ಕೈಯಲ್ಲಿ ಕಾರ್ಡುಗಳ ಕಟ್ಟು, ಆಯ್ತಾ ವೇದಕ್ಕ, ನಾಲ್ಕು ಗಂಟೆಗೆ ಲಾರಿ ಬರುತ್ತೆ, ಇದಿಷ್ಟಕ್ಕೂ ಒಂದೊಂದು ಸೈನ್ ಹಾಕ್ಬಿಡಿ, ಬೇಗ ಬೇಗ. ‘ಕೈಮಗ್ಗದಲ್ಲಿ ಗಂಟು ಗಂಟಾಗಿ ನೇಯ್ದವರು’, ಕೆಳಗೆ ಖಾಲಿ ಗೆರೆ, ಒಂದಲ್ಲ, ಮೂಟೆಯಲ್ಲಿ ಎಷ್ಟಿವೆಯೋ ಅಷ್ಟು ಕಾರ್ಡು. ಇದನ್ನೆಲ್ಲ ನಾನು ನೇಯ್ದಿಲ್ವಲ್ಲ ಅಮೂಲ್ಯ. ಡಿಸೈನ್ ನಿಮ್ದೇ ಅಲ್ವಾ ಅಕ್ಕ, ನೀವು ಒಂದಕ್ಕೆ ಏಳು ತಿಂಗಳು ತಗೊಂಡ್ರೆ ಮೇಳದೋರು ಕಾಯ್ತಾರಾ? ಬೆನ್ನಿಗೆ ಅಂಟು ಹಾಕಿದ್ದಾರೆ ಅಮೂಲ್ಯ. ಯಾರು ಮಗುಚಿ ನೋಡ್ತಾರೆ ಹೇಳಿ! ನಾನು ನೋಡ್ದೆ. ಅಮೂಲ್ಯ ನಕ್ಕಳು, ನಗು ಅರ್ಧಕ್ಕೆ ನಿಂತಿತು, ದನಿ ಇಳಿಯಿತು, ನೋಡಿ ವೇದಕ್ಕ, ಈ ಸಲ ಆರ್ಡರ್ ಬರ್ಲಿಲ್ಲ ಅಂದ್ರೆ ಕೆಳಗಿನ ಆರು ಮಗ್ಗ ಮುಚ್ಬೇಕಾಗುತ್ತೆ, ಆ ಹೆಂಗಸ್ರಿಗೆ ನೀವೇ ಹೋಗಿ ಹೇಳ್ತೀರಾ? ಕೆಳಗಿನಿಂದ ನಗು ಇನ್ನೂ ಬರುತ್ತಿದೆ, ಧನಲಕ್ಷ್ಮಿಯ ದನಿ, ಏ ಉಪ್ಪಿನಕಾಯಿ ಇಲ್ಲಿ ತಳ್ರೇ, ನಾಳೆಯೂ ಅವಳು ಹೀಗೇ ಕೂಗಬೇಕು ಇಲ್ಲಿ, ಒಂದು ಸೈನಿಗೆ ಏನು ಹೋಗುತ್ತದೆ, ವೇ ದಾ ವ ತಿ, ನಾಲ್ಕು ಅಕ್ಷರ, ಪೆನ್ನು ಆಗಲೇ ಕೈಯಲ್ಲಿದೆ, ಅಮೂಲ್ಯ ಯಾವಾಗ ತುರುಕಿದಳೋ, ಎಡಗೈ ಇನ್ನೂ ರಗ್ಗಿನ ಮೇಲೆ, ಮೂರು ನಾಲ್ಕು ಮೂರು ನಾಲ್ಕು, ಉದ್ದ ಸಾಲು, ಅಪ್ಪ ಕೆಮ್ಮಿ ಬಾಯಿಂದ ಅಂಗವಸ್ತ್ರ ತೆಗೆದ ಆ ಸಂಜೆ, ಹಿರಿಯರು ಎಂದಿನಂತೆ ಕಾಯುತ್ತಿದ್ದಾರೆ, ಅಪ್ಪ ಅದನ್ನು ಮಡಿಚಿ ತೊಡೆಯ ಕೆಳಗೆ ಇಟ್ಟುಕೊಂಡು ನಾಲ್ಕನೆಯ ಸಾಲಿಗೆ ಹೋಗುತ್ತಿದ್ದಾನೆ, ಜಗಲಿಯಲ್ಲಿ ಅಷ್ಟು ಜನರಲ್ಲಿ ಕಂಡದ್ದು ಅವಳಿಗೊಬ್ಬಳಿಗೆ, ಬಿಳಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕೆಂಪು, — ವೇದಕ್ಕ, ಪ್ಲೀಸ್, ಇದೊಂದು ಸಲ — ಬಿಳಿಯ ಅಂಚಿನಲ್ಲಿ, ಅಕ್ಕಿಕಾಳಿನಷ್ಟು, ಕೆಂಪು, — ಹಾಕಲ್ಲ.