ಎಣ್ಣೆ ಇಳಿಯುವ ದಾರಿ

ರೇಸಿಗೆಂದು ಟರ್ಬೊ ಕೂರಿಸಿದ್ದ ಕಾರನ್ನು ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ನಮ್ಮ ಚಾಮರಾಜಪೇಟೆಯ ಗ್ಯಾರೇಜಿನ ತುಂಬ ನೀಲಿ ಹೊಗೆ. ಮೇಸ್ತ್ರಿ ರಾಮಾಂಜಿನಪ್ಪ ನೇರವಾಗಿ ಹಿರಿಯ ಮೆಕ್ಯಾನಿಕ್ ಲಕ್ಷ್ಮಯ್ಯಣ್ಣನ ಮೇಲೆ ಹರಿಹಾಯ್ದರು. ಟರ್ಬೊದಿಂದ ಎಣ್ಣೆ ಸೋರದಂತೆ ಸೀಲು ಹಾಕಿದವನು ಅವನು.

"ಕಣ್ಣು ಮಂಜಾಗಿದ್ರೆ ಮನೇಲಿ ಕೂತ್ಕೊಳಯ್ಯ! ನಾಳೆಯಿಂದ ಬರ್ಬೇಡ."

"ಸರಿಯಾಗೇ ಹಾಕಿದ್ನಲ್ಲ ಮೇಸ್ತ್ರಿ," ಎಂದು ಅವನು ಕನ್ನಡಕ ಒರೆಸಿಕೊಂಡ.

ಟರ್ಬೊದಿಂದ ಎಣ್ಣೆ ಇಂಜಿನ್ನಿನ ತಳಕ್ಕೆ ವಾಪಸ್ ಇಳಿಯುವ ಪೈಪು ಎಳೆದವನು ನಾನು. "ತಾರಸಿ ನೀರಿನ ಥರ ಇಳೀಬೇಕು, ಎಲ್ಲೂ ಮೇಲಕ್ಕೆ ಹತ್ತಬಾರ್ದು ಕಣೋ" ಎಂದು ಬೆಳಗ್ಗೆ ಲಕ್ಷ್ಮಯ್ಯಣ್ಣನೇ ಹೇಳಿದ್ದ. "ಪಾಠ ಕೇಳೋ ಹಾಗಿದ್ರೆ ಸ್ಕೂಲಲ್ಲೇ ಇರ್ತಿದ್ದೆ, ಹೋಗಣ್ಣ" ಎಂದು ರೇಗಿದ್ದೆ. ನೇತಾಡುವ ಪೈಪು ರಸ್ತೆಯ ಉಬ್ಬಿಗೆ ಬಡಿದು ಕಿತ್ತುಹೋದೀತೆಂದು ತಂತಿ ಕಟ್ಟಿ ನಡುವೆ ಮೇಲಕ್ಕೆತ್ತಿದ್ದೆ. ಎಣ್ಣೆ ಆ ಗೂನು ಹತ್ತಲಾರದೆ ಟರ್ಬೊದಲ್ಲೇ ತುಂಬಿ, ಒಳ್ಳೆಯ ಸೀಲನ್ನೂ ದಾಟಿ ಉರಿದು ಹೊಗೆಯಾಗುತ್ತಿತ್ತು.

ಲಕ್ಷ್ಮಯ್ಯಣ್ಣ ಕಾರಿನಡಿ ಬಗ್ಗಿ ನೋಡಿದ. ತಂತಿ ಕಂಡಿತು. ನನ್ನ ಮುಖ ನೋಡಿ, ಮನೆಗೆ ಹೊರಡಲು ಗೋಡೆಯ ಮೊಳೆಯಲ್ಲಿದ್ದ ಊಟದ ಚೀಲ ತೆಗೆದುಕೊಂಡ. ಬೈಯಬಾರದೇ ಈ ಮನುಷ್ಯ! ನನಗೆ ಕಣ್ಣು ಉರಿಯಿತು. ಬಿಸಿ ಇಂಜಿನ್ನಿನಡಿ ನುಗ್ಗಿ ತಂತಿ ಕತ್ತರಿಸಿ ತಂದು ಮೇಸ್ತ್ರಿಯ ಮುಂದೆ ಎಸೆದೆ.

"ಕಟ್ಟಿದ್ದು ನಾನು. ಕಳಿಸೋದಾದ್ರೆ ನನ್ನ ಕಳಿಸಿ."

ಮೇಸ್ತ್ರಿ ಬಾಯಿ ತೆರೆಯುವಷ್ಟರಲ್ಲಿ ಲಕ್ಷ್ಮಯ್ಯಣ್ಣ ಚೀಲವನ್ನು ಮತ್ತೆ ಮೊಳೆಗೆ ಸಿಕ್ಕಿಸಿದ.

"ಕೈ ಸುಟ್ಕೊಂಡಿದೀಯ, ಮೊದ್ಲು ನೀರಿಗೆ ಹಿಡಿ. ಆಮೇಲೆ ಪೈಪ್ ಎಳೆಯೋಣ."

ಆಗಲೂ ಬೈಯಲಿಲ್ಲ.